ದನಿಗೆ ವಿಳಾಸ

ಜಲತರಂಗದ ಕಚೇರಿಯನ್ನು ಕೇಳಿದವರಿಗೆ ಅದರ ಸೊಗಸು ತಿಳಿದಿರುತ್ತದೆ. ವಾದಕನ ಮುಂದೆ ಪಿಂಗಾಣಿಯ ಬಟ್ಟಲುಗಳು ಅರ್ಧಚಂದ್ರಾಕಾರವಾಗಿ ಸಾಲುಗೂಡಿರುತ್ತವೆ. ಬಟ್ಟಲುಗಳ ಗಾತ್ರದಲ್ಲಿಯೂ ಅವುಗಳಲ್ಲಿ ತುಂಬಿದ ನೀರಿನ ಮಟ್ಟದಲ್ಲಿಯೂ ವ್ಯತ್ಯಾಸವಿರುತ್ತದೆ. ಒಂದು ಬಟ್ಟಲಿಗೆ ನೀರು ಹೆಚ್ಚು ಹಾಕಿದಷ್ಟೂ ಅದರ ಸ್ವರ ತಗ್ಗುತ್ತದೆ. ನೀರು ತೆಗೆದಷ್ಟೂ ಸ್ವರ ಏರುತ್ತದೆ. ಅಭ್ಯಾಸವುಳ್ಳ ರಸಿಕನು ಕಣ್ಣು ಮುಚ್ಚಿ ಕುಳಿತಿದ್ದರೂ, ಷಡ್ಜ ಕೇಳಿದಾಗ ಕಡ್ಡಿ ಯಾವ ಬಟ್ಟಲನ್ನು ಮುಟ್ಟಿತು, ಪಂಚಮ ಕೇಳಿದಾಗ ಯಾವುದನ್ನು ಮುಟ್ಟಿತು ಎಂಬುದನ್ನು ಹೇಳಬಲ್ಲನು. ಅಲ್ಲಿ ಸ್ವರವೇ ಸ್ಥಳವನ್ನು ಸಾರುತ್ತದೆ. ಆದರೆ ಎಲ್ಲ ಬಟ್ಟಲುಗಳೂ ಒಂದೇ ಗಾತ್ರದವಾಗಿದ್ದು, ಎಲ್ಲದರಲ್ಲಿಯೂ ಒಂದೇ ಮಟ್ಟದ ನೀರಿದ್ದರೆ? ಎಲ್ಲಿ ಬಡಿದರೂ ಒಂದೇ ನಾದ ಹೊರಡುತ್ತದೆ. ದನಿ ಕೇಳಿಸಿದರೂ ಅದು ಎಲ್ಲಿಂದ ಬಂದಿತೆಂಬುದು ತಿಳಿಯುವುದಿಲ್ಲ.

ಮನುಷ್ಯನ ದೇಹವೂ ಇಂತಹ ಒಂದು ವಾದ್ಯವೆಂದರೆ ಆಶ್ಚರ್ಯವಾಗಬಹುದು. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ ಆಗಿದೆ. ನೀರಿನ ಒಂದೊಂದು ಅಣುವಿನಲ್ಲಿಯೂ ಎರಡು ಜಲಜನಕದ ಪರಮಾಣುಗಳುಂಟು. ಆ ಪರಮಾಣುವಿನ ಬೀಜಕೇಂದ್ರವಾದ ಪ್ರೋಟಾನು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸ್ವಲ್ಪ ಕಲಕಿದರೆ, ನೆಲದ ಮೇಲೆ ಓಲಾಡುತ್ತ ಸುತ್ತುವ ಬುಗುರಿಯಂತೆ, ಅದು ಕ್ಷೇತ್ರದ ದಿಕ್ಕನ್ನು ಬಳಸಿಕೊಂಡು ಸುತ್ತತೊಡಗುತ್ತದೆ. ಕ್ಷೇತ್ರ ಬಲವಾದಷ್ಟೂ ಈ ಸುತ್ತಾಟದ ವೇಗ ಹೆಚ್ಚು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಬಲದ ಅಯಸ್ಕಾಂತದೊಳಗೆ ಪ್ರೋಟಾನು ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು ಹಾಕುತ್ತದೆ. ಅಷ್ಟೇ ಆವೃತ್ತಿಯ ರೇಡಿಯೊ ತರಂಗವನ್ನು ಕ್ಷಣಕಾಲ ದೇಹದ ಮೇಲೆ ಹಾಯಿಸಿದಾಗ ಪ್ರೋಟಾನುಗಳು ಕಲಕುತ್ತವೆ. ತರಂಗ ನಿಂತೊಡನೆ ಅವು ಅದೇ ಆವೃತ್ತಿಯ ಕ್ಷೀಣವಾದ ರೇಡಿಯೊ ಸಂಜ್ಞೆಯೊಂದನ್ನು ಹೊರಡಿಸುತ್ತವೆ. ಈ ವಿದ್ಯಮಾನಕ್ಕೆ ಕಾಂತೀಯ ಅನುರಣನವೆಂದು ಹೆಸರು. ಆ ಸಂಜ್ಞೆಯು ಕಿವಿಗೆ ಕೇಳುವ ಶಬ್ದವಲ್ಲವಾದರೂ ಅನುಕೂಲಕ್ಕಾಗಿ ಅದನ್ನು ‘ದನಿ’ ಎಂದು ಕರೆಯಬಹುದು.

ಈ ದನಿಯನ್ನು ದ್ರವ ಮತ್ತು ಘನವಸ್ತುಗಳಲ್ಲಿ ಮೊದಲು ಗುರುತಿಸಿದ ಕೀರ್ತಿ ಅಮೆರಿಕದ ಫೀಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳಿಗೆ ಸಲ್ಲುತ್ತದೆ. ಅವರ ಪ್ರಬಂಧಗಳು 1946ರಲ್ಲಿ ಪ್ರಕಟವಾದವು. 1952ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ದನಿ ಹೇಗೆ ಬದಲಾಗುತ್ತದೆಂಬುದನ್ನು 1951ರಷ್ಟು ಮುಂಚೆಯೇ ಅಳೆದು ಪ್ರಕಟಿಸಿದರು. ಮುಂದೆ ರಕ್ತದ ಹರಿವನ್ನು ಅಳೆಯುವ ಪ್ರಯತ್ನಗಳಿಗೆ ಇಂತಹ ಅಧ್ಯಯನಗಳೇ ತಳಹದಿಯಾದವು. 1971ರಲ್ಲಿ ರೇಮಂಡ್ ಡಮೇಡಿಯನ್ ಎಂಬ ಅಮೆರಿಕದ ವೈದ್ಯರು, ಇಲಿಗಳ ದೇಹದ ಗಡ್ಡೆಗಳಿಂದ ಬರುವ ದನಿಯು ಆರೋಗ್ಯವಂತ ಅಂಗಾಂಶದ ದನಿಗಿಂತ ಭಿನ್ನವಾಗಿ ಅಡಗುತ್ತದೆಂದು ತೋರಿಸಿದರು. ದೇಹದ ನೀರು ತನ್ನ ಕ್ಷೇಮಸಮಾಚಾರವನ್ನು ತಾನೇ ಹೇಳಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಒಂದು ದೊಡ್ಡ ಕೊರತೆ ಉಳಿದೇ ಇತ್ತು. ಸಮನಾದ ಕಾಂತಕ್ಷೇತ್ರದಲ್ಲಿ ತಲೆಯ ನೀರೂ ಹೊಟ್ಟೆಯ ನೀರೂ ಒಂದೇ ಸ್ವರದಲ್ಲಿ ನುಡಿಯುತ್ತವೆ. ಎಲ್ಲ ದನಿಗಳೂ ಕಲೆತು ಒಂದೇ ಏಕನಾದವಾಗಿ ಹೊರಬರುತ್ತವೆ. ದೇಹದಲ್ಲಿ ಎಲ್ಲಿಯೋ ಒಂದು ಗಡ್ಡೆಯಿದೆಯೆಂದು ತಿಳಿದರೆ ಸಾಲದು. ಅದು ಎಲ್ಲಿದೆಯೆಂದು ತಿಳಿಯದೆ ವೈದ್ಯನು ಶಸ್ತ್ರವನ್ನು ಕೈಗೆತ್ತಿಕೊಳ್ಳಲಾರನು. ವಿಳಾಸವಿಲ್ಲದ ಕಾಗದದಲ್ಲಿ ಎಷ್ಟು ಮುಖ್ಯವಾದ ಸಮಾಚಾರವಿದ್ದರೂ ಅಂಚೆಯವನಿಗೆ ಅದರಿಂದ ಪ್ರಯೋಜನವಿಲ್ಲವಷ್ಟೆ!

ಬೆಳಕಿನ ತರಂಗಗಳನ್ನು ಮಸೂರದಿಂದ ಕೇಂದ್ರೀಕರಿಸುವಂತೆ ಈ ರೇಡಿಯೊ ತರಂಗಗಳನ್ನೂ ಕೇಂದ್ರೀಕರಿಸಿ ಚಿತ್ರ ತೆಗೆಯಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಅದಕ್ಕೆ ತರಂಗದ ಉದ್ದವೇ ಅಡ್ಡಿ. ಒಂದು ತರಂಗದಿಂದ ಸಾಮಾನ್ಯವಾಗಿ ಅದರ ಉದ್ದಕ್ಕಿಂತ ತೀರ ಸಣ್ಣದಾದ ವಿವರಗಳನ್ನು ಕಾಣಲಾಗುವುದಿಲ್ಲ. ಸೆಕೆಂಡಿಗೆ 6 ಕೋಟಿ 40 ಲಕ್ಷ ಆವೃತ್ತಿಯ ರೇಡಿಯೊ ತರಂಗದ ಉದ್ದ ಗಾಳಿಯಲ್ಲಿ ಸುಮಾರು 4.7 ಮೀಟರು, ನೀರು ತುಂಬಿದ ದೇಹದೊಳಗೂ ಅದು ಸುಮಾರು ಅರ್ಧ ಮೀಟರು. ಒನಕೆಯ ತುದಿಯಿಂದ ರಂಗೋಲಿಯ ಎಳೆಯನ್ನು ಬಿಡಿಸಲಾದೀತೆ? ಅಂತೆಯೇ ಅರ್ಧ ಮೀಟರಿನ ತರಂಗದಿಂದ ಮಿಲಿಮೀಟರಿನ ವಿವರವನ್ನು ನೇರವಾಗಿ ಪಡೆಯುವುದು ಅಸಾಧ್ಯ.

ಈ ತೊಡಕನ್ನು ಬಿಡಿಸಿದವರು ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲ್ ಲಾಟರ್‌ಬರ್. 1971ರ ಸೆಪ್ಟೆಂಬರಿನ ಒಂದು ಸಂಜೆ ಪಿಟ್ಸ್‌ಬರ್ಗ್ ನಗರದ ಸಮೀಪದ ಒಂದು ಉಪಾಹಾರ ಗೃಹದಲ್ಲಿ ಕುಳಿತಿದ್ದಾಗ ಅವರಿಗೆ ಒಂದು ಆಲೋಚನೆ ಹೊಳೆಯಿತು. ಅದು ಜಲತರಂಗದ ಉಪಾಯವೇ ಸರಿ. ಕಾಂತಕ್ಷೇತ್ರವು ಎಲ್ಲೆಡೆಯೂ ಸಮನಾಗಿದ್ದರೆ ತಾನೆ ಎಲ್ಲ ಪ್ರೋಟಾನುಗಳೂ ಒಂದೇ ಸ್ವರದಲ್ಲಿ ನುಡಿಯುವುದು? ಕ್ಷೇತ್ರವನ್ನು ಬೇಕೆಂದೇ ಓರೆ ಮಾಡಿ, ಒಂದು ತುದಿಯಲ್ಲಿ ಸ್ವಲ್ಪ ಬಲವಾಗಿಯೂ ಇನ್ನೊಂದು ತುದಿಯಲ್ಲಿ ಸ್ವಲ್ಪ ದುರ್ಬಲವಾಗಿಯೂ ಇರುವಂತೆ ಏರ್ಪಡಿಸಿದರೆ, ಸ್ಥಳಕ್ಕೊಂದು ಸ್ವರ ತಾನಾಗಿಯೇ ಉಂಟಾಗುತ್ತದೆ. ಆ ರಾತ್ರಿಯೇ ಅವರು ಒಂದು ಟಿಪ್ಪಣಿ ಪುಸ್ತಕವನ್ನು ಕೊಂಡು ತಂದು ಈ ವಿಚಾರವನ್ನು ಬರೆದಿಟ್ಟರು. ಹೀಗೆ ಓರೆಯಾದ ಕ್ಷೇತ್ರವನ್ನು ‘ಇಳಿಜಾರು ಕ್ಷೇತ್ರ’ ಎನ್ನಬಹುದು. ಮೀಟರಿಗೆ ಒಂದು ಟೆಸ್ಲಾದ ನೂರನೆಯ ಒಂದು ಭಾಗದಷ್ಟು ಇಳಿಜಾರಿದ್ದರೆ, ಒಂದು ಸೆಂಟಿಮೀಟರ್ ಅಂತರದಲ್ಲಿರುವ ಎರಡು ಬಿಂದುಗಳ ಸ್ವರಗಳಲ್ಲಿ ಸೆಕೆಂಡಿಗೆ ಸುಮಾರು 4,258 ಸುತ್ತುಗಳ ವ್ಯತ್ಯಾಸ ಕಂಡುಬರುತ್ತದೆ. ಆರು ಕೋಟಿಯ ಮುಂದೆ ಈ ಸಂಖ್ಯೆ ಅಲ್ಪವಾದರೂ ಉಪಕರಣವು ಅದನ್ನು ಸುಲಭವಾಗಿ ಗುರುತಿಸಬಲ್ಲದು.

ಲಾಟರ್‌ಬರ್ ಅವರು ಭಾರಜಲ ತುಂಬಿದ ಕಿರುನಾಳವೊಂದರೊಳಗೆ ಸಾಮಾನ್ಯ ನೀರಿನ ಎರಡು ಸೂಕ್ಷ್ಮ ನಳಿಗೆಗಳನ್ನಿಟ್ಟರು. ಇಳಿಜಾರಿನ ದಿಕ್ಕನ್ನು ಬದಲಿಸುತ್ತ, ಹಲವು ಕಡೆಯಿಂದ ಬೀಳುವ ನೆರಳುಗಳನ್ನು ಕೂಡಿಸುವಂತೆ ಕೂಡಿಸಿ, ಆ ಎರಡು ನಳಿಗೆಗಳ ಚಿತ್ರವನ್ನು ಪಡೆದರು. ಇದನ್ನು ವಿವರಿಸುವ ಪ್ರಬಂಧವನ್ನು ‘ನೇಚರ್’ ಪತ್ರಿಕೆಯು ಮೊದಲು ತಿರಸ್ಕರಿಸಿತು. ಅವರು ಎದೆಗುಂದದೆ ಮತ್ತೆ ಬರೆದು ಒತ್ತಾಯಿಸಿದ ಮೇಲೆ 1973ರ ಮಾರ್ಚಿಯಲ್ಲಿ ಅದೇ ಪತ್ರಿಕೆ ಅದನ್ನು ಪ್ರಕಟಿಸಿತು. ಎರಡು ಚುಕ್ಕೆಗಳ ಆ ಮಸುಕು ಚಿತ್ರವೇ ಇಂದು ‘ಎಂ.ಆರ್.ಐ.’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿರುವ ಕಾಂತೀಯ ಅನುರಣನ ಚಿತ್ರಣದ ಮೊದಲ ಕುಡಿ. ಸಂಜ್ಞೆಗೆ ಹೀಗೆ ಸ್ಥಳದ ಗುರುತನ್ನು ಬೆರೆಸುವ ಕ್ರಿಯೆಗೆ ಸಂಕೇತೀಕರಣವೆಂದು ಹೆಸರು.

ಎಲ್ಲರೂ ಈ ದಾರಿಯನ್ನೇ ಹಿಡಿಯಲಿಲ್ಲ. ಡಮೇಡಿಯನ್ ಅವರು ದೇಹದ ಒಂದು ಸಣ್ಣ ಬಿಂದುವಿನಿಂದ ಮಾತ್ರ ದನಿ ಬರುವಂತೆ ಕ್ಷೇತ್ರವನ್ನು ರೂಪಿಸಿ, ದೇಹವನ್ನೇ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ ಬಿಂದುಬಿಂದುವನ್ನೂ ಆಲಿಸಿದರು. 1977ರ ಜುಲೈ 3ರಂದು ಹೀಗೆ ಮನುಷ್ಯನ ಎದೆಯ ಒಂದು ಅಡ್ಡಸೀಳಿನ ಚಿತ್ರ ತೆಗೆಯಲು ಸುಮಾರು ನಾಲ್ಕೂಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಅಲುಗಾಡದೆ ಕುಳಿತಿರಲು ಆರೋಗ್ಯವಂತನಿಗೇ ಕಷ್ಟ, ರೋಗಿಯ ಪಾಡೇನು? ಒಬ್ಬೊಬ್ಬರನ್ನೇ ಮಾತನಾಡಿಸುವ ಬದಲು ಎಲ್ಲರನ್ನೂ ಒಟ್ಟಿಗೆ ಮಾತನಾಡಿಸಿ, ಬಳಿಕ ದನಿಗಳನ್ನು ಬೇರ್ಪಡಿಸುವುದೇ ಜಾಣತನವೆಂಬುದು ಇದರಿಂದ ಮನದಟ್ಟಾಗುತ್ತದೆ.

ಹಾಗೆ ಬೇರ್ಪಡಿಸುವ ಸುಂದರ ಗಣಿತಮಾರ್ಗವನ್ನು ತೋರಿದ ಪ್ರಬಂಧ 1975ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಿಂದ ಬಂದಿತು. ಅದರ ಲೇಖಕರು ಮೂವರು: ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್. ಅರ್ನ್ಸ್ಟ್ ಅವರಿಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಪ್ರಬಂಧದ ಮೊದಲ ಲೇಖಕರಾದ ಅನಿಲ್ ಕುಮಾರ್ ಅವರು ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದು, ಕಾಂತೀಯ ಅನುರಣನದ ಅಧ್ಯಯನದಲ್ಲಿ ಅನೇಕ ಶಿಷ್ಯರನ್ನು ಸಿದ್ಧಪಡಿಸಿದರು.

ಈ ಮಾರ್ಗದ ತಿರುಳನ್ನು ಶಾಲೆಯ ಮೈದಾನದ ಕವಾಯತಿನ ಮೂಲಕ ತಿಳಿಯಬಹುದು. ಮೈದಾನದಲ್ಲಿ ಮಕ್ಕಳು ಹಲವು ಸಾಲುಗಳಲ್ಲಿ ನಿಂತು, ನಿಂತಲ್ಲಿಯೇ ಒಂದೇ ವೇಗದಲ್ಲಿ ಗಿರಗಿರನೆ ಸುತ್ತುತ್ತಿದ್ದಾರೆಂದು ಭಾವಿಸೋಣ. ಅಧ್ಯಾಪಕರು ಸೀಟಿ ಊದಿದೊಡನೆ, ಎರಡನೆಯ ಸಾಲಿನವರು ಸ್ವಲ್ಪ ಹೊತ್ತು ವೇಗವನ್ನು ಹೆಚ್ಚಿಸಿ ಕಾಲು ಸುತ್ತಿನಷ್ಟು ಮುಂದೆ ಹೋಗುತ್ತಾರೆ; ಮೂರನೆಯ ಸಾಲಿನವರು ಅರ್ಧ ಸುತ್ತು, ನಾಲ್ಕನೆಯವರು ಮುಕ್ಕಾಲು ಸುತ್ತು ಮುಂದೆ ಹೋಗುತ್ತಾರೆ. ಮತ್ತೆ ಸೀಟಿ ಊದಿದಾಗ ಎಲ್ಲರೂ ಹಿಂದಿನ ವೇಗಕ್ಕೆ ಮರಳುತ್ತಾರೆ. ಈಗ ವೇಗ ಒಂದೇ ಆಗಿದ್ದರೂ ಒಂದೊಂದು ಸಾಲಿನವರ ಮುಖ ಒಂದೊಂದು ಕಡೆಗಿರುತ್ತದೆ. ಸುತ್ತಿನಲ್ಲಿ ಯಾರು ಎಷ್ಟು ಮುಂದಿದ್ದಾರೆಂಬುದನ್ನು ವಿಜ್ಞಾನಿಗಳು ‘ಪ್ರಾವಸ್ಥೆ’ ಎನ್ನುತ್ತಾರೆ. ಎಡದಿಂದ ಬಲಕ್ಕೆ ಯಾವ ಸ್ಥಳವೆಂಬುದನ್ನು ಸ್ವರವೂ, ಮೇಲಿನಿಂದ ಕೆಳಕ್ಕೆ ಯಾವ ಸಾಲೆಂಬುದನ್ನು ಪ್ರಾವಸ್ಥೆಯೂ ತಿಳಿಸುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ಹೊರಗಿನ ಸುರುಳಿಗೆ ಕೇಳುವುದು ಎಲ್ಲ ಸಾಲುಗಳ ಮೊತ್ತ ಮಾತ್ರ. ಒಂದು ಮೊತ್ತದಿಂದ ಹಲವು ಸಾಲುಗಳನ್ನು ಬಿಡಿಸಲಾಗದು. ಬೀಜಗಣಿತದಲ್ಲಿ ಎರಡು ಅವ್ಯಕ್ತಗಳ ಬೆಲೆ ತಿಳಿಯಲು ಎರಡು ಸಮೀಕರಣಗಳು ಬೇಕು. ಮೂರಕ್ಕೆ ಮೂರು ಬೇಕು. ಅಂತೆಯೇ 256 ಸಾಲುಗಳ ಚಿತ್ರಕ್ಕೆ, ಪ್ರತಿ ಬಾರಿಯೂ ಪ್ರಾವಸ್ಥೆಯ ಏರಿಕೆಯನ್ನು ಬದಲಿಸಿ, 256 ಬಾರಿ ಆಲಿಸಬೇಕು. ಬಳಿಕ ಫ್ರಾನ್ಸಿನ ಗಣಿತಜ್ಞ ಫೂರಿಯೆ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಗಣಿತದಿಂದ ಸಾಲುಗಳನ್ನು ಬಿಡಿಸಬಹುದು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ತಂಡವು 1980ರಲ್ಲಿ ಈ ವಿಧಾನವನ್ನು ಸರಳಗೊಳಿಸಿತು: ಸೀಟಿಗಳ ನಡುವಿನ ಅವಧಿಯನ್ನು ಬದಲಿಸದೆ, ಇಳಿಜಾರಿನ ಬಲವನ್ನು ಮಾತ್ರ ಪ್ರತಿ ಬಾರಿಯೂ ಬದಲಿಸುವುದು. ಆ ವರ್ಷದ ಆಗಸ್ಟಿನಲ್ಲಿ ಅಲ್ಲಿ ರೋಗಿಯೊಬ್ಬರ ಚಿತ್ರಗಳನ್ನು ತೆಗೆಯಲಾಯಿತು. ಅವು ಚಿಕಿತ್ಸೆಗೆ ನಿಜವಾಗಿಯೂ ನೆರವಾದವು. ಲೋಕದ ಆಸ್ಪತ್ರೆಗಳಲ್ಲೆಲ್ಲ ಬಳಕೆಗೆ ಬಂದ ರೂಢಿಯ ವಿಧಾನ ಇದೇ.

ಈಗ ಕಾಲದ ಲೆಕ್ಕವನ್ನು ನೋಡಬೇಕು. ಒಮ್ಮೆ ಆಲಿಸಿದ ಮೇಲೆ ಪ್ರೋಟಾನುಗಳು ಸುಧಾರಿಸಿಕೊಳ್ಳಲು 2 ಸೆಕೆಂಡು ಬಿಡಬೇಕೆಂದು ಇಟ್ಟುಕೊಂಡರೆ, 256 ಬಾರಿ ಆಲಿಸಲು 512 ಸೆಕೆಂಡು, ಎಂದರೆ ಎಂಟೂವರೆ ನಿಮಿಷ ಬೇಕು. ವೈದ್ಯರಿಗೆ ಬೇಕಾಗುವುದು ಇಂತಹ ಒಂದೇ ಸರಣಿಯಲ್ಲ. ಇಕ್ಕಟ್ಟಾದ ಕೊಳವೆಯೊಳಗೆ ಅಲುಗದೆ ಮಲಗಿರುವುದು ದೊಡ್ಡವರಿಗೇ ಸುಲಭವಲ್ಲ. ಎಳೆಯ ಮಕ್ಕಳಿಗೆ ಎಷ್ಟೋ ವೇಳೆ ಅರಿವಳಿಕೆ ಕೊಡಬೇಕಾಗುತ್ತದೆ. ಎಂಟು ನಿಮಿಷ ಉಸಿರನ್ನು ಬಿಗಿಹಿಡಿಯಬಲ್ಲ ರೋಗಿ ಯಾರೂ ಇಲ್ಲ. ಹೃದಯವಂತೂ ಯಾರ ಅಪ್ಪಣೆಗೂ ನಿಲ್ಲುವುದಿಲ್ಲ. ಅಲುಗಿದ ದೇಹದ ಚಿತ್ರ ಕಲಸಿಹೋಗುತ್ತದೆ. ಕಲಸಿಹೋದ ಚಿತ್ರದಲ್ಲಿ ರೋಗ ಅಡಗಿ ಕುಳಿತುಬಿಡಬಹುದು. ಆದುದರಿಂದ ಬೇಗನೆ ವಿಳಾಸ ಕೊಡುವ ಬೇರೆ ಮಾರ್ಗಗಳನ್ನು ಹುಡುಕುವುದು ಕೇವಲ ಬುದ್ಧಿಯ ವಿಲಾಸವಾಗಿರಲಿಲ್ಲ; ಅದು ರೋಗಿಗಳ ಅಗತ್ಯವಾಗಿತ್ತು.

ಆ ದಿಕ್ಕಿನಲ್ಲಿ ಮೊದಲ ದಿಟ್ಟ ಹೆಜ್ಜೆಯಿಟ್ಟವರು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್. ಬಡತನದಲ್ಲಿ ಬೆಳೆದ ಅವರು 15ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಮುದ್ರಣದ ಕೆಲಸಕ್ಕೆ ಸೇರಿದ್ದರು. ಮುಂದೆ ದುಡಿಯುತ್ತಲೇ ಓದಿ ವಿಶ್ವವಿದ್ಯಾನಿಲಯವನ್ನು ಮುಟ್ಟಿದರು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿದ್ದಾಗ, 1977ರಲ್ಲಿ, ಅವರು ಒಂದು ಹೊಸ ವಿಧಾನವನ್ನು ಮುಂದಿಟ್ಟರು. ಒಂದೊಂದು ಸಾಲಿಗೂ ಪ್ರೋಟಾನುಗಳನ್ನು ಹೊಸದಾಗಿ ಕಲಕುವುದೇಕೆ? ಒಮ್ಮೆ ಕಲಕಿದ ದನಿ ಅಡಗುವುದರೊಳಗಾಗಿ ಇಳಿಜಾರನ್ನು ಹಿಂದುಮುಂದಾಗಿ ಅತಿ ವೇಗದಲ್ಲಿ ತಿರುಗಿಸುತ್ತ ಎಲ್ಲ ಸಾಲುಗಳನ್ನೂ ಒಂದೇ ಉಸಿರಿನಲ್ಲಿ ಓದಿಬಿಡಬಹುದಲ್ಲವೇ? ರೈತನು ಹೊಲವನ್ನು ಉಳುವಾಗ ಒಂದು ಸಾಲಿನ ತುದಿಯಲ್ಲಿ ಎತ್ತುಗಳನ್ನು ತಿರುಗಿಸಿ ಪಕ್ಕದ ಸಾಲನ್ನು ಹಿಡಿಯುತ್ತಾನೆ; ಪ್ರತಿ ಸಾಲಿಗೂ ಮನೆಗೆ ಹೋಗಿ ಬರುವುದಿಲ್ಲ. ಈ ವಿಧಾನದಲ್ಲಿ ಒಂದು ಸೀಳಿನ ಚಿತ್ರವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕಾಲದಲ್ಲಿ ಪಡೆಯಬಹುದು. 1978ರಲ್ಲಿ ಇಡೀ ದೇಹಕ್ಕೆಂದು ಕಟ್ಟಿದ ಯಂತ್ರ ಸಿದ್ಧವಾದಾಗ, ವೇಗವಾಗಿ ಬದಲಾಗುವ ಕ್ಷೇತ್ರದಿಂದ ಅಪಾಯವಾದೀತೆಂಬ ಶಂಕೆಯಿತ್ತು. ಮ್ಯಾನ್ಸ್‌ಫೀಲ್ಡ್ ಅವರು ಬೇರೆಯವರನ್ನು ಒಡ್ಡದೆ ತಾವೇ ಅದರೊಳಗೆ ಹೊಕ್ಕರು. ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಇಬ್ಬರಿಗೂ 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ವೇಗಕ್ಕೂ ಒಂದು ಎಲ್ಲೆಯುಂಟು. ಇಳಿಜಾರು ಕ್ಷೇತ್ರವನ್ನುಂಟುಮಾಡುವ ಸುರುಳಿಗಳಲ್ಲಿ ವಿದ್ಯುತ್ತನ್ನು ಹಿಂದುಮುಂದಾಗಿ ಹರಿಸಿದಾಗ ಅವು ಬಲವಾಗಿ ಅದುರುತ್ತವೆ. ಯಂತ್ರದೊಳಗೆ ಕಿವಿಗಡಚಿಕ್ಕುವ ಸದ್ದು ಏಳುವುದು ಇದರಿಂದಲೇ. ಇನ್ನೂ ವೇಗವಾಗಿ ಬದಲಿಸಿದರೆ ದೇಹದ ನರಗಳಲ್ಲಿಯೇ ವಿದ್ಯುತ್ತು ಪ್ರೇರಿತವಾಗಿ ಸ್ನಾಯುಗಳು ಮಿಡಿಯತೊಡಗುತ್ತವೆ. ಹೆಚ್ಚು ಬಲಶಾಲಿಯಾದ ಯಂತ್ರವನ್ನು ಕಟ್ಟಿದರೂ ಅದರೊಳಗೆ ಮಲಗುವ ದೇಹ ಬದಲಾಗದು. ಇಲ್ಲಿಗೆ ಬಂದು ನಿಂತಾಗ ವಿಜ್ಞಾನಿಗಳು ಪ್ರಶ್ನೆಯನ್ನೇ ಬದಲಿಸಿದರು. ಸಮೀಕರಣಗಳನ್ನು ಬೇಗ ಬೇಗ ಬರೆಯುವುದು ಹೇಗೆ ಎಂಬುದರ ಬದಲಾಗಿ, ಬೇಕಾದ ಸಮೀಕರಣಗಳನ್ನು ಇಳಿಜಾರಿನಿಂದಲೇ ಪಡೆಯಬೇಕೇ, ಬೇರೆ ಮೂಲದಿಂದ ಪಡೆಯಬಾರದೇ ಎಂದು ಕೇಳಿದರು.

ಒಂದು ಉತ್ತರ ಕೇಳುವ ಸುರುಳಿಗಳಲ್ಲಿಯೇ ಇತ್ತು. ದೇಹದ ಸುತ್ತಲೂ ಒಂದರ ಬದಲು ಹಲವು ಸಣ್ಣ ಸುರುಳಿಗಳನ್ನು ಇಟ್ಟರೆ, ಪ್ರತಿಯೊಂದೂ ತನಗೆ ಹತ್ತಿರವಾದ ಭಾಗದ ದನಿಯನ್ನು ಗಟ್ಟಿಯಾಗಿಯೂ ದೂರದ ಭಾಗದ ದನಿಯನ್ನು ಮೆಲ್ಲಗೂ ಕೇಳುತ್ತದೆ. ಎಂದಮೇಲೆ ಸುರುಳಿಯ ಸ್ಥಾನದಲ್ಲಿಯೇ ವಿಳಾಸದ ಒಂದು ಅಂಶ ಅಡಗಿದೆ. 1997ರಲ್ಲಿ ಅಮೆರಿಕದ ಬಾಸ್ಟನ್ ನಗರದ ಡೇನಿಯಲ್ ಸಾಡಿಕ್ಸನ್ ಮತ್ತು ವಾರನ್ ಮ್ಯಾನಿಂಗ್, 1999ರಲ್ಲಿ ಜ್ಯೂರಿಕ್ ನಗರದ ಕ್ಲಾಸ್ ಪ್ರೂಸ್‌ಮನ್ ಮತ್ತು ಅವರ ಸಂಗಡಿಗರು ಈ ತತ್ತ್ವವನ್ನು ಎರಡು ಬೇರೆ ರೀತಿಗಳಲ್ಲಿ ಕಾರ್ಯರೂಪಕ್ಕೆ ತಂದರು.

ಅದರ ಬಗೆ ಹೀಗಿದೆ. 256 ಸಾಲುಗಳಲ್ಲಿ ಒಂದು ಬಿಟ್ಟು ಒಂದನ್ನು ಮಾತ್ರ ಆಲಿಸಿದರೆ ಕಾಲ ಅರ್ಧವಾಗಿ, ಎಂಟೂವರೆ ನಿಮಿಷದ ಕೆಲಸ 4 ನಿಮಿಷ 16 ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಚಿತ್ರವು ನಡುವೆ ಮಡಿಸಿದ ಪಂಚೆಯಂತಾಗಿ, ಒಂದು ಅರ್ಧ ಇನ್ನೊಂದು ಅರ್ಧದ ಮೇಲೆ ಬೀಳುತ್ತದೆ. ಪ್ರತಿ ಚುಕ್ಕೆಯಲ್ಲಿಯೂ ಎರಡು ಸ್ಥಳಗಳ ದನಿ ಬೆರೆತಿರುತ್ತದೆ. ಮೇಲಿನ ಸ್ಥಳದ ದನಿಯನ್ನು ‘ಕ್ಷ’ ಎಂದೂ ಕೆಳಗಿನದನ್ನು ‘ಯ’ ಎಂದೂ ಇಟ್ಟುಕೊಳ್ಳೋಣ. ಮೇಲಿನ ಸುರುಳಿಗೆ ‘ಕ್ಷ’ ಮೂರು ಪಟ್ಟು ಗಟ್ಟಿಯಾಗಿ ಕೇಳಿ, ಒಟ್ಟು 11 ಎಂಬ ಅಳತೆ ಬಂದಿತು. ಕೆಳಗಿನ ಸುರುಳಿಗೆ ‘ಯ’ ಮೂರು ಪಟ್ಟು ಗಟ್ಟಿಯಾಗಿ ಕೇಳಿ, ಒಟ್ಟು 9 ಬಂದಿತು. ಮೂರು ‘ಕ್ಷ’ ಮತ್ತು ಒಂದು ‘ಯ’ ಸೇರಿ 11. ಒಂದು ‘ಕ್ಷ’ ಮತ್ತು ಮೂರು ‘ಯ’ ಸೇರಿ 9. ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಬಿಡಿಸಬಲ್ಲನು: ‘ಕ್ಷ’ ಎಂದರೆ 3, ‘ಯ’ ಎಂದರೆ 2. ಮಡಿಕೆ ಬಿಚ್ಚಿತು, ಚಿತ್ರ ಪೂರ್ಣವಾಯಿತು. ಯಾವ ಸುರುಳಿಗೆ ಯಾವ ಸ್ಥಳದ ದನಿ ಎಷ್ಟು ಗಟ್ಟಿಯಾಗಿ ಕೇಳುತ್ತದೆಂಬುದನ್ನು ಮೊದಲೇ ಸ್ಥೂಲವಾದ ಒಂದು ಚಿತ್ರದಿಂದ ಅಳೆದಿಟ್ಟುಕೊಂಡಿರುತ್ತಾರೆ. ಯಂತ್ರವು ಇಂತಹ ಸಾವಿರಾರು ಲೆಕ್ಕಗಳನ್ನು ಕ್ಷಣಾರ್ಧದಲ್ಲಿ ಬಿಡಿಸುತ್ತದೆಯೆಂಬುದಷ್ಟೇ ವ್ಯತ್ಯಾಸ.

ಎರಡನೆಯ ಉತ್ತರ ಇನ್ನೂ ವಿಚಿತ್ರವಾದುದು. ಚಿನಿವಾರನ ಮುಂದೆ 9 ನಾಣ್ಯಗಳಿವೆ. ಅವುಗಳಲ್ಲಿ ಒಂದೇ ಒಂದು ಉಳಿದವುಗಳಿಗಿಂತ ಭಾರ. ಅದನ್ನು ಕಂಡುಹಿಡಿಯಲು 9 ಬಾರಿ ತೂಗಬೇಕಾಗಿಲ್ಲ. ತಕ್ಕಡಿಯ ಒಂದೊಂದು ತಟ್ಟೆಗೆ ಮೂರು ಮೂರು ನಾಣ್ಯಗಳನ್ನು ಹಾಕಿ ತೂಗಿದರೆ, ಭಾರವಾದುದು ಯಾವ ಮೂರರಲ್ಲಿದೆಯೆಂದು ತಿಳಿಯುತ್ತದೆ. ಆ ಮೂರರಲ್ಲಿ ಒಂದೊಂದನ್ನು ಎರಡು ತಟ್ಟೆಗಳಲ್ಲಿಟ್ಟು ತೂಗಿದರೆ ನಾಣ್ಯವೇ ಸಿಕ್ಕುತ್ತದೆ. ಎರಡೇ ತೂಕ! ಅವ್ಯಕ್ತಗಳು ಒಂಬತ್ತರಂತೆ ಕಂಡರೂ ಭಿನ್ನವಾದುದು ಒಂದೇ ಎಂಬ ತಿಳಿವಳಿಕೆಯೇ ಕೆಲಸವನ್ನು ಹಗುರ ಮಾಡಿತು. ದೇಹದ ಚಿತ್ರವೂ ಹಾಗೆಯೇ. ಅದರಲ್ಲಿ ವಿಶಾಲವಾದ ಭಾಗಗಳು ಒಂದೇ ಛಾಯೆಯಲ್ಲಿರುತ್ತವೆ. ಬದಲಾವಣೆಯಾಗುವುದು ಹೆಚ್ಚಾಗಿ ಅಂಚುಗಳಲ್ಲಿ. ಸರಿಯಾದ ರೀತಿಯಲ್ಲಿ ಬರೆದರೆ ಚಿತ್ರವನ್ನು ಕೆಲವೇ ಸಂಖ್ಯೆಗಳಲ್ಲಿ ಹೇಳಿಬಿಡಬಹುದು. ಆದುದರಿಂದ ಎಲ್ಲ ಸಾಲುಗಳನ್ನೂ ಆಲಿಸದೆ, ಅಲ್ಲೊಂದು ಇಲ್ಲೊಂದು ಎಂದು ಗೊತ್ತುಗುರಿಯಿಲ್ಲದಂತೆ ಆರಿಸಿದ ಸಾಲುಗಳನ್ನು ಮಾತ್ರ ಆಲಿಸಿದರೂ ಸಾಕು. ಕ್ರಮವಾಗಿ ಬಿಟ್ಟರೆ ಚಿತ್ರ ಮಡಿಸಿಕೊಳ್ಳುತ್ತದೆ. ಕ್ರಮವಿಲ್ಲದೆ ಬಿಟ್ಟರೆ ತಪ್ಪುಗಳು ಸಣ್ಣ ಧೂಳಿನಂತೆ ಚಿತ್ರದ ತುಂಬ ಚದುರುತ್ತವೆ. ಧೂಳನ್ನು ಗಣಿತದಿಂದ ಮೆಲ್ಲಗೆ ಒರೆಸಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಲಸ್ಟಿಗ್, ಡೇವಿಡ್ ಡೊನೋಹೊ ಮತ್ತು ಜಾನ್ ಪಾಲಿ ಅವರು 2007ರಲ್ಲಿ ಈ ವಿಧಾನವನ್ನು ಎಂ.ಆರ್.ಐ.ಗೆ ಅನ್ವಯಿಸಿ ತೋರಿಸಿದರು. ಹೆಚ್ಚು ಹೊತ್ತು ಅಲುಗದಿರಲಾರದ ಮಕ್ಕಳಿಗೆ ಇದರಿಂದ ವಿಶೇಷ ಉಪಕಾರವಾಗಿದೆ.

ತಕ್ಕಡಿಯಿಂದಲೇ ಕಲಿತ ಮೂರನೆಯ ಪಾಠವೊಂದುಂಟು. ಎರಡು ವಸ್ತುಗಳನ್ನು ಒಂದೊಂದಾಗಿ ತೂಗುವ ಬದಲು, ಮೊದಲು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮೊತ್ತವನ್ನೂ, ಬಳಿಕ ಒಂದೊಂದನ್ನು ಒಂದೊಂದು ತಟ್ಟೆಯಲ್ಲಿಟ್ಟು ವ್ಯತ್ಯಾಸವನ್ನೂ ಕಂಡುಹಿಡಿಯಬಹುದು. ಮೊತ್ತ ಮತ್ತು ವ್ಯತ್ಯಾಸಗಳನ್ನು ಕೂಡಿಸಿ ಅರ್ಧ ಮಾಡಿದರೆ ಮೊದಲ ವಸ್ತುವಿನ ತೂಕ ಬರುತ್ತದೆ. ಕಳೆದು ಅರ್ಧ ಮಾಡಿದರೆ ಎರಡನೆಯದರ ತೂಕ ಬರುತ್ತದೆ. ತೂಗಿದ್ದು ಎರಡೇ ಬಾರಿಯಾದರೂ ಪ್ರತಿ ವಸ್ತುವೂ ಎರಡು ಸಲ ತಕ್ಕಡಿ ಏರಿದ್ದರಿಂದ ತಪ್ಪಿನ ಪ್ರಮಾಣ ತಗ್ಗುತ್ತದೆ. ದೇಹದ ಎರಡು ಸೀಳುಗಳನ್ನೂ ಹೀಗೆಯೇ ಒಮ್ಮೆ ಕೂಡಿಸಿ, ಇನ್ನೊಮ್ಮೆ ಒಂದನ್ನು ತಲೆಕೆಳಗು ಮಾಡಿ ಆಲಿಸಬಹುದು. ಫ್ರಾನ್ಸಿನ ಗಣಿತಜ್ಞ ಹದಮಾರ್ ಅವರ ಹೆಸರಿನಿಂದ ಈ ಬಗೆಯ ಸಂಕೇತೀಕರಣವನ್ನು ಕರೆಯುತ್ತಾರೆ.

ಇಳಿಜಾರು ನೇರವಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ಜರ್ಮನಿಯ ಫ್ರೈಬರ್ಗ್ ನಗರದ ಯೂರ್ಗೆನ್ ಹೆನ್ನಿಗ್ ಮತ್ತು ಸಂಗಡಿಗರು ಬಾಗಿದ ಕ್ಷೇತ್ರಗಳಿಂದಲೂ ವಿಳಾಸ ಕೊಡಬಹುದೆಂದು 2008ರಲ್ಲಿ ಪ್ರತಿಪಾದಿಸಿದರು. ನರಗಳ ಮೇಲಿನ ಒತ್ತಡವನ್ನು ತಗ್ಗಿಸುವುದು ಅವರ ಉದ್ದೇಶಗಳಲ್ಲೊಂದು. ಇನ್ನು ಕೆಲವರು ಇಳಿಜಾರನ್ನೇ ತೊರೆದು, ಕಲಕುವ ರೇಡಿಯೊ ತರಂಗದಲ್ಲಿಯೇ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಿರುವಂತೆ ಮಾಡಿದರು. 1979ರಲ್ಲಿ ಡೇವಿಡ್ ಹೋಲ್ಟ್ ಅವರು ಸೂಚಿಸಿದ ಈ ಜಾಡಿನಲ್ಲಿ ಮುಂದುವರಿದು, 2010ರಲ್ಲಿ ಕೆನಡಾದ ಜೊನಾಥನ್ ಶಾರ್ಪ್ ಮತ್ತು ಸ್ಕಾಟ್ ಕಿಂಗ್ ಅವರು ತರಂಗದ ಪ್ರಾವಸ್ಥೆಯಿಂದಲೇ ವಿಳಾಸ ಕೊಡುವ ವಿಧಾನವೊಂದನ್ನು ಪ್ರಕಟಿಸಿದರು. ಅದುರುವ ಸುರುಳಿಗಳೇ ಇಲ್ಲವಾದಾಗ ಸದ್ದೂ ಇರುವುದಿಲ್ಲ. ಸದ್ದಿಲ್ಲದ, ಸರಳವಾದ, ಅಗ್ಗದ ಯಂತ್ರಗಳ ಆಸೆ ಇಂತಹ ಪ್ರಯತ್ನಗಳ ಹಿಂದಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೆಲೆ ಕೊಡದೆ ದೊರೆಯುವ ಲಾಭ ಯಾವುದೂ ಇಲ್ಲ. ಆಲಿಸುವ ಕಾಲವನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿದರೆ ಚಿತ್ರದ ಸ್ಪಷ್ಟತೆ ಅರ್ಧಕ್ಕಾದರೂ ಇಳಿಯುತ್ತದೆ. ಸುರುಳಿಗಳು ಒಂದಕ್ಕೊಂದು ತೀರ ಸಮೀಪವಿದ್ದರೆ ಅವು ಕೇಳುವುದೂ ಹೆಚ್ಚುಕಡಿಮೆ ಒಂದೇ. ಆಗ ಸಮೀಕರಣಗಳೂ ಒಂದೇ ಆಗಿ ಲೆಕ್ಕ ಬಿಡಿಸಲು ಬರುವುದಿಲ್ಲ. ಒಂದೇ ನಾಣ್ಯ ಭಾರವೆಂದು ನಂಬಿ ತೂಗಿದಾಗ ನಿಜವಾಗಿ ಎರಡಿದ್ದರೆ ಚಿನಿವಾರನು ಮೋಸ ಹೋಗುತ್ತಾನೆ. ಅಂತೆಯೇ ಚಿತ್ರ ಸರಳವಾಗಿದೆಯೆಂಬ ನಂಬಿಕೆ ತಪ್ಪಾದರೆ, ಧೂಳಿನೊಡನೆ ಸಣ್ಣದೊಂದು ರೋಗಚಿಹ್ನೆಯೂ ಒರೆಸಿಹೋಗಬಹುದು. ಆದುದರಿಂದಲೇ ಹೊಸ ವಿಧಾನವನ್ನು ಹಳೆಯ ವಿಧಾನದೊಡನೆ ಹೋಲಿಸಿ, ನುರಿತ ವೈದ್ಯರು ಪರೀಕ್ಷಿಸಿದ ಮೇಲೆಯೇ ಆಸ್ಪತ್ರೆಯಲ್ಲಿ ಬಳಸುತ್ತಾರೆ.

ದೇಹದೊಳಗಿನ ನೀರು ತನ್ನ ನೆಲೆಯನ್ನು ತಾನಾಗಿ ಹೇಳುವುದಿಲ್ಲ. ಆ ದನಿಗೆ ವಿಳಾಸವನ್ನು ಕೊಟ್ಟವನು ಮನುಷ್ಯನು. ಒಬ್ಬನು ಸ್ವರದಲ್ಲಿ, ಒಬ್ಬನು ಪ್ರಾವಸ್ಥೆಯಲ್ಲಿ, ಒಬ್ಬನು ಕೇಳುವ ಸುರುಳಿಯ ಸ್ಥಾನದಲ್ಲಿ, ಮತ್ತೊಬ್ಬನು ಚಿತ್ರದ ಸರಳತೆಯಲ್ಲಿಯೇ ಆ ವಿಳಾಸವನ್ನು ಕಂಡನು. ಹಿಂದಿನವರು ಕಂಡ ದಾರಿ ಸರಿಯಾಗಿದ್ದರೂ ಅದೊಂದೇ ದಾರಿಯಲ್ಲವೆಂದು ಮುಂದಿನವರು ತಿಳಿದರು. ಎರಡು ಅವ್ಯಕ್ತಗಳ ಸಣ್ಣ ಲೆಕ್ಕವನ್ನು ಶಾಲೆಯ ಹಲಗೆಯ ಮೇಲೆ ಬಿಡಿಸುವ ಹುಡುಗನಿಗಾಗಲಿ ಹುಡುಗಿಗಾಗಲಿ ಅದರ ಉಪಯೋಗ ಅಂದು ತೋರದಿರಬಹುದು. ಆದರೆ ಅದೇ ಲೆಕ್ಕ ಇಂದು ಎಲ್ಲಿಯೋ ಒಂದು ಆಸ್ಪತ್ರೆಯಲ್ಲಿ, ಒಂದು ಮಗುವನ್ನು ಆ ಇಕ್ಕಟ್ಟಾದ ಕೊಳವೆಯಿಂದ ನಾಲ್ಕು ನಿಮಿಷ ಮುಂಚಿತವಾಗಿ ತಾಯಿಯ ಮಡಿಲಿಗೆ ಮರಳಿಸುತ್ತಿದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಜಲತರಂಗದ ಬಟ್ಟಲಿನಲ್ಲಿ ನೀರು ಹೆಚ್ಚಾದಾಗ ಸ್ವರವು ಏನಾಗುತ್ತದೆ?
2. 1975ರ ಪ್ರಬಂಧದ ಮೊದಲ ಲೇಖಕರು ಯಾರು?
3. ಪ್ರಾವಸ್ಥೆ ಎಂದರೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ರೇಡಿಯೊ ತರಂಗಗಳನ್ನು ಮಸೂರದಿಂದ ಕೇಂದ್ರೀಕರಿಸಿ ದೇಹದ ಚಿತ್ರವನ್ನು ಪಡೆಯಲು ಏಕೆ ಸಾಧ್ಯವಿಲ್ಲ?
2. ಮ್ಯಾನ್ಸ್‌ಫೀಲ್ಡ್ ಅವರ ವಿಧಾನವನ್ನು ಉಳುಮೆಗೆ ಹೋಲಿಸಿರುವುದರ ಔಚಿತ್ಯವೇನು?
3. ಚಿನಿವಾರನ ದೃಷ್ಟಾಂತದಿಂದ ತಿಳಿದುಬರುವ ಲಾಭವೇನು, ಅಪಾಯವೇನು?

ಇ) ಬಿಡಿಸಿರಿ:
ಒಂದು ಸುರುಳಿಗೆ ನಾಲ್ಕು ‘ಕ್ಷ’ ಮತ್ತು ಒಂದು ‘ಯ’ ಸೇರಿ 14 ಎಂದೂ, ಇನ್ನೊಂದಕ್ಕೆ ಒಂದು ‘ಕ್ಷ’ ಮತ್ತು ನಾಲ್ಕು ‘ಯ’ ಸೇರಿ 11 ಎಂದೂ ಕೇಳಿಸಿದರೆ, ‘ಕ್ಷ’ ಮತ್ತು ‘ಯ’ಗಳ ಬೆಲೆ ಎಷ್ಟು?

ಈ) ಸ್ವಂತ ವಾಕ್ಯಗಳಲ್ಲಿ ಬಳಸಿರಿ:
ಮನದಟ್ಟಾಗು, ಎದೆಗುಂದು, ಕಿವಿಗಡಚಿಕ್ಕು, ತಳಹದಿ.